ಡಿಕ್ಕಿಯ ಅಂಚಿನ ಕೆಂಪು

ಬೆಲ್ಡನ್ ಊರಿನ ಪಾರ್ಕಿನಲ್ಲಿ ಆಗಸ್ಟ್ ತಿಂಗಳ ಆ ಶನಿವಾರ ನಲವತ್ತು ಹಳೆಯ ಕಾರುಗಳು ಬಾನೆಟ್ ಎತ್ತಿಕೊಂಡು, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತವರಂತೆ ಸಾಲಾಗಿ ನಿಂತಿದ್ದವು. ಎಲ್ಲವೂ ಅದೇ ಊರಿನ, ಈಗ ಬಾಗಿಲು ಮುಚ್ಚಿರುವ ಕಾರ್ಖಾನೆಯಲ್ಲಿ ಐವತ್ತು ವರ್ಷದ ಹಿಂದೆ ಹುಟ್ಟಿದವು. ಭಾರಿ ಎಂಜಿನ್ನಿನ, ಹುರಿಗೊಂಡ ಮೈಯ ಗಾಡಿಗಳು. ಸಾಲಿನ ಕೊನೆಯಲ್ಲಿ ಲೊವೆಲ್ ಹೇವರ್‌ಕ್ಯಾಂಪನ ಪಾಚಿ ಹಸಿರು ಕಾರಿತ್ತು. ಪಕ್ಕದಲ್ಲಿ ಮಡಚುವ ಕುರ್ಚಿಯ ಮೇಲೆ ಅವನು ಕೂತಿದ್ದ. ಬೆಳಗಿನಿಂದ ಅವನನ್ನು ಮಾತನಾಡಿಸಿದ್ದು ಗೇಟಿನಲ್ಲಿ ಚೀಟಿ ಕೊಟ್ಟ ಹೆಂಗಸು ಒಬ್ಬಳೇ.

ಶಾಲಾ ಬಸ್ಸುಗಳ ರಿಪೇರಿ ಮಾಡಿ ನಿವೃತ್ತನಾದ ಲೊವೆಲ್‌ಗೆ ಎಪ್ಪತ್ತೊಂದು. ಹೆಂಡತಿ ಆರ್ಡಿತ್ ಹೋಗಿ ನಾಲ್ಕು ವರ್ಷ. ಅವಳನ್ನು ಮಣ್ಣು ಮಾಡಿ ಬಂದ ಎರಡನೇ ವಾರಕ್ಕೇ ಶೆಡ್ಡಿಗೆ ಹೋಗಿ ಕಾರಿನ ಮೊದಲ ಬೋಲ್ಟ್ ಬಿಚ್ಚಿದ್ದ. ಮನೆಯೊಳಗೆ ಕೂತರೆ ಫ್ರಿಜ್ಜಿನ ಸದ್ದು ಕೇಳಿಸುತ್ತಿತ್ತು, ಅದೊಂದೇ ಕೇಳಿಸುತ್ತಿತ್ತು.

ಹಳೇ ಕಾರಿನ ಈ ಜನರಲ್ಲಿ ಎರಡು ಪಂಗಡ. ತಮಗೆ ಬೇಕಾದ ಬಣ್ಣ ಬಳಿದು, ಬೇಕಾದ ಚಕ್ರ ಹಾಕಿಸಿ ಖುಷಿಯಾಗಿ ಓಡಿಸುವವರು ಒಂದು ಕಡೆ. ಕಾರು ಕಾರ್ಖಾನೆಯ ಬಾಗಿಲು ದಾಟಿದ ದಿನ ಹೇಗಿತ್ತೋ ಹಾಗೆಯೇ ಇರಬೇಕು ಎನ್ನುವವರು ಇನ್ನೊಂದು ಕಡೆ. ಎರಡನೆಯವರ ವ್ರತ ಬಲು ಕಠಿಣ. ಅಂದಿನ ಕೆಲಸಗಾರ ಅವಸರದಲ್ಲಿ ಬಣ್ಣ ಸೋರಿಸಿದ್ದರೆ ಇವರೂ ಅಳತೆ ನೋಡಿ ಸೋರಿಸಬೇಕು. ನುಣುಪಾಗಿ ಬಳಿದರೆ ಸ್ಪರ್ಧೆಯಲ್ಲಿ ಅಂಕ ಹೋಯಿತು. ಬಾಗಿಲ ಕೆಳಗಿನ ಒಂದು ಸೋರಿಕೆಗಾಗಿ ಲೊವೆಲ್ ಆರು ಸಲ ಕೆರೆದು ಬಳಿದಿದ್ದ. ಎಂಜಿನ್ನಿನ ಹಿಂದಿನ ತಗಡಿನ ಮೇಲೆ ತಪಾಸಣೆಯವರು ಹಳದಿ ಮೇಣದ ಕಡ್ಡಿಯಲ್ಲಿ ಹಾಕುತ್ತಿದ್ದ ಗುರುತೊಂದಿತ್ತು: ಒಂದು ಸುತ್ತು, ಕೆಳಗೆ ಎರಡು ಗೀಟು, ಹಿಂದೊಂದು ಕೊಕ್ಕೆ. ಅದನ್ನು ಹಳೇ ಕಾರುಗಳ ಕ್ಲಬ್ಬಿನ ಕೈಪಿಡಿ ಎದುರಿಗಿಟ್ಟುಕೊಂಡು ರಟ್ಟಿನ ಮೇಲೆ ಒಂದು ವಾರ ತಿದ್ದಿ ಕಲಿತು ಬರೆದಿದ್ದ. ಚಿನ್ನದ ಫಲಕ ಬಂದರೆ ನಾಲ್ಕು ವರ್ಷಕ್ಕೆ ಒಂದು ಅರ್ಥ ಬಂದಂತೆ ಎಂದು ಅವನ ಲೆಕ್ಕ.

ತೀರ್ಪುಗಾರ ಡ್ವೈಟ್ ಪೆಲ್ಕಿ ಹನ್ನೊಂದಕ್ಕೆ ಬಂದ. ಕೈಕನ್ನಡಿ, ಟಾರ್ಚು ಹಿಡಿದು ಒಂದೂವರೆ ಗಂಟೆ ನೋಡಿದ. ಮೇಣದ ಗುರುತಿನ ಮುಂದೆ ನಿಂತು ತಲೆದೂಗಿದ. ಕೊನೆಗೆ ಡಿಕ್ಕಿಯ ಹತ್ತಿರ ಮಂಡಿಯೂರಿ, ಅಂಚಿನ ರಬ್ಬರ್ ಪಟ್ಟಿಯನ್ನು ಉಗುರಿನಿಂದ ಎತ್ತಿದವನು ಹಾಗೆಯೇ ಉಳಿದ.

"ಇದೇನಯ್ಯಾ ಲೊವೆಲ್, ಇಲ್ಲಿ?"

ಪಟ್ಟಿಯ ಕೆಳಗೆ, ಮೂಲೆಯಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಕೆಂಪು. ಲೊವೆಲ್ ಪಕ್ಕದಲ್ಲಿ ಬಗ್ಗಿ ನೋಡಿದ. ಕಾರಿನ ಮೈಯೆಲ್ಲ ಕೆರೆದಿದ್ದ. ಇದೊಂದು ಉಳಿದಿರುವುದು ಅವನಿಗೇ ಗೊತ್ತಿರಲಿಲ್ಲ.

"ಹಳೇ ಬಣ್ಣ," ಎಂದ.

"ಅದು ಕಾಣ್ತಿದೆ. ಹಸಿರು ಗಾಡಿಗೆ ಕಾರ್ಖಾನೆಯೋರು ಕೆಂಪು ಹಚ್ಚಿರ್ತಾರಾ? ಮೂರು ಅಂಕ ಕಿತ್ಕೊಂಡೆ ನೋಡು. ಚಿನ್ನಕ್ಕೆ ಎರಡೇ ಕಮ್ಮಿ. ನಂಗೇ ಹೊಟ್ಟೆ ಉರೀತಿದೆ." ಡ್ವೈಟ್ ಮಂಡಿ ಒರೆಸಿಕೊಂಡು ಎದ್ದ. "ಮೂರು ಗಂಟೆಗೆ ಅಂಕಪಟ್ಟಿ ಮುಚ್ಚೋದು. ಅಷ್ಟರೊಳಗೆ ಕೆರೆದು ಹಾಕು, ಬಂದು ಇನ್ನೊಂದ್ಸಲ ನೋಡ್ತೀನಿ. ನಿಯಮದಲ್ಲೇ ಇದೆ, ನಾನೇನೂ ದಾನ ಮಾಡ್ತಿಲ್ಲ."

ಡ್ವೈಟ್ ಹೋದ ಮೇಲೆ ಲೊವೆಲ್ ಪೆಟ್ಟಿಗೆಯಿಂದ ಬ್ಲೇಡು, ಥಿನ್ನರ್ ಬಾಟಲಿ, ಬಟ್ಟೆ ತೆಗೆದು ಡಿಕ್ಕಿಯ ಅಂಚಿನ ಮೇಲಿಟ್ಟ. ಇಟ್ಟು ಸುಮ್ಮನೆ ಕೂತ.

ಮದುವೆಯಾದ ಮೊದಲ ಬೇಸಿಗೆಯಲ್ಲಿ ಇಬ್ಬರೂ ಸೇರಿ ಕೊಂಡ ಕಾರು ಅದು. ಆಗಲೂ ಹೀಗೇ ಹಸಿರಾಗಿತ್ತು. "ಕೆರೆ ನೀರಿನ ಥರ ಇದೆ," ಎಂದು ಮೂಗು ಮುರಿದ ಆರ್ಡಿತ್, ಒಲೆಯ ಮೇಲೆ ಕುದಿಯುತ್ತಿದ್ದ ಚೆರಿ ಜಾಮನ್ನು ಒಂದು ಚಮಚ ಬಿಳಿ ತಟ್ಟೆಗೆ ಹಾಕಿಕೊಂಡು ನೇರವಾಗಿ ಬಣ್ಣದ ಅಂಗಡಿಗೆ ಹೋಗಿದ್ದಳು. ಇದೇ ಬಣ್ಣ ಬೇಕು, ಇದಕ್ಕಿಂತ ಒಂದು ಕೂದಲು ಹೆಚ್ಚಲ್ಲ, ಕಡಿಮೆಯಲ್ಲ. ಅಂಗಡಿಯವನು ಬೆರಳದ್ದಿ ರುಚಿ ನೋಡಿ ಒಪ್ಪಿದ್ದನಂತೆ. ನಲವತ್ತಮೂರು ವರ್ಷ ಕಾರು ಆ ಕೆಂಪಿನಲ್ಲೇ ಓಡಿತು.

ಎರಡೂಕಾಲಾಯಿತು. ಕೊನೆಗೂ ಲೊವೆಲ್ ಎದ್ದು ಬ್ಲೇಡು ಹಿಡಿದ. ಬಣ್ಣ ಗಟ್ಟಿಯಾಗಿತ್ತು, ಒಂದೊಂದೇ ಚಕ್ಕೆಯಾಗಿ ಏಳುತ್ತಿತ್ತು. ಅರ್ಧ ಬಂದಿರಬಹುದು, ಕಾರಿನ ಮುಂಭಾಗದಿಂದ ಯಾರೋ ನಗುವುದು ಕೇಳಿಸಿತು.

ಚರ್ಚಿಗೆ ಹಾಕುವಂಥ ಅಗಲ ಟೋಪಿಯ ಒಬ್ಬ ವೃದ್ಧೆ, ಕೋಲೂರಿಕೊಂಡು, ತೆರೆದ ಬಾನೆಟ್ಟಿನೊಳಗೆ ಬಗ್ಗಿ ನೋಡುತ್ತಿದ್ದಳು.

"ಯಾಕಮ್ಮ ನಗ್ತಿದ್ದೀರಿ?"

"ನನ್ನ ಕೋಳೀನ ಬರೆದಿದ್ದು ಯಾರಪ್ಪ, ನೀನಾ?"

"ಕೋಳಿ ಅಲ್ಲಮ್ಮ ಅದು. ಹಗಲು ಪಾಳಿಯ ಕೊನೇ ತಪಾಸಣೆ ಗುರುತು. ಕೈಪಿಡೀಲಿ ಇದೆ."

"ಕೈಪಿಡಿ ನಂಗೊತ್ತಿಲ್ಲ. ಹಗಲು ಪಾಳಿಯ ಕೊನೇ ತಪಾಸಣೆ ನಾನೇ. ಅರ್ಲೀನ್ ಮೇಬ್ರಿ. ಹನ್ನೆರಡು ವರ್ಷ ಅಲ್ಲಿ ನಿಂತು ಮಂಡಿ ಸವೆಸ್ಕೊಂಡೋಳು. 'ಸರಿ ಇದೆ' ಅಂತ ಬರೀಬೇಕಿತ್ತು. ದಿನಕ್ಕೆ ನಾನೂರು ಸಲ ಅದನ್ನೇ ಬರೆದು ಬೇಜಾರಾಗಿ ಒಂದಿನ ನಮ್ಮಜ್ಜಿ ಸಾಕಿದ ಕೋಳಿ ಬರೆದೆ. ಯಾರೂ ಕೇಳ್ಲಿಲ್ಲ. ಮಾರನೇ ದಿನಾನೂ ಬರೆದೆ."

"ಮೇಲಿನೋರು ಹೇಳಿದ್ದಲ್ವಾ?"

"ಮೇಲಿನೋರಿಗೆ ಕೋಳಿ ಮೇಲೆ ಎಂಥಾ ಪ್ರೀತಿ? ನಂಗಿಷ್ಟ ಆಯ್ತು, ಬರೆದೆ, ಅಷ್ಟೇ. ಆದ್ರೆ ಬಾಲಾನ ಇಷ್ಟು ನೆಟ್ಟಗೆ ಮಾಡಿದ್ದೀಯಲ್ಲ, ಇಸ್ತ್ರಿ ಹಾಕಿದ ಕೋಳಿ ಥರ."

ಬೇರೆ ದಿನವಾಗಿದ್ದರೆ ಲೊವೆಲ್ ನಗುತ್ತಿದ್ದನೇನೋ. ಕಾರ್ಖಾನೆ ಎಂದರೆ ಅವನ ಮನಸ್ಸಿನಲ್ಲಿ ಒಂದು ಕೈಪಿಡಿ. ಅಲ್ಲಿ ಯಾರ ಇಷ್ಟವೂ ಇರಲಿಲ್ಲ, ಹಾಗಾಗಿ ಯಾರ ನೆನಪೂ ಇರಲಿಲ್ಲ. ಅದಕ್ಕೇ ನಾಲ್ಕು ವರ್ಷ ಅದರೊಳಗೆ ಹೋಗಿ ಅಡಗಿಕೊಂಡಿದ್ದ. ಈಗ ನೋಡಿದರೆ ಅಲ್ಲೂ ಒಬ್ಬ ಹೆಂಗಸು ಬೇಜಾರಾಗಿ ನಿಂತಿದ್ದಳು. ಅವನ ಕೈಯ ಬ್ಲೇಡು ಮುಂದಕ್ಕೆ ಹೋಗಲಿಲ್ಲ.

ಅರ್ಲೀನ್ ಹೋಗಿ ಅವನ ಕುರ್ಚಿಯ ಮೇಲೆ ಕೇಳದೆಯೇ ಕೂತಳು. ಮೂರಕ್ಕೆ ಐದು ನಿಮಿಷವಿರುವಾಗ ಡ್ವೈಟ್ ಬಂದು ಬಗ್ಗಿದ.

"ಅರ್ಧ ಉಳಿದಿದೆಯಲ್ಲಯ್ಯಾ."

"ಹೂಂ."

"ಎರಡು ನಿಮಿಷದ ಕೆಲಸ. ಬ್ಲೇಡು ಆ ಯಮ್ಮನಿಗೆ ಕೊಡು, ನಾನು ಆ ಕಡೆ ತಿರುಗಿ ನಿಂತ್ಕೋತೀನಿ, ಬೇಕಾದ್ರೆ ಅವಳೇ ಕೆರೀಲಿ."

"ಬೇಡ ಡ್ವೈಟ್."

"ಅರ್ಧ ಕೆರೆದಿದ್ದಕ್ಕೆ ಅರ್ಧ ಅಂಕ ಕೊಡೋಕಾಗಲ್ಲ. ಎರಡೂ ಕಡೆ ಕೆಟ್ಟೆ ನೀನು."

"ಗೊತ್ತು. ಬರ್ಕೋ."

ಡ್ವೈಟ್ ಬರೆದುಕೊಂಡು ಹೋದ. ಅರ್ಲೀನ್ ಕೋಲಿನ ತುದಿಯಿಂದ ಕೆಂಪನ್ನು ತೋರಿಸಿದಳು.

"ಇಡೀ ಗಾಡಿ ಈ ಬಣ್ಣ ಇತ್ತಾ?"

"ಇಡೀ ಗಾಡಿ. ನನ್ನ ಹೆಂಡ್ತಿ ಆರ್ಡಿತ್ ಆರಿಸಿದ್ದು."

ಆ ಹೆಸರು ಅವನ ಬಾಯಲ್ಲಿ ಬಂದು ಎಷ್ಟು ತಿಂಗಳಾಗಿತ್ತೋ.

"ನಿಂಗೂ ಹಿಡಿಸಿತ್ತಾ?"

ಲೊವೆಲ್ ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಬೆರಳೊಂದೊಂದನ್ನೇ ಒರೆಸಿದ.

"ಇಲ್ಲ," ಎಂದ. "ನಲವತ್ತಮೂರು ವರ್ಷ ಚೆನ್ನಾಗಿದೆ ಅಂದೆ. ಒಂದಿನಾನೂ ಹಿಡಿಸ್ಲಿಲ್ಲ. ಅವಳು ಹೋದ್ಮೇಲೆ ಕಾರ್ಖಾನೆ ಬಣ್ಣ ಅನ್ನೋ ನೆಪ ಸಿಕ್ತು, ಕೆರೆದು ಹಾಕ್ದೆ."

"ಈಗ ಈ ಹಸಿರು?"

"ಇದೂ ಕೆರೆ ನೀರಿನ ಥರಾನೇ ಇದೆ."

ಅರ್ಲೀನ್ ಈ ಸಲ ನಗಲಿಲ್ಲ. ತನ್ನ ಮಗಳು ರಸ್ತೆಯಿಂದ ಕರೆದಾಗ ಎದ್ದು, ಅವನ ತೋಳು ಮುಟ್ಟಿ ಹೋದಳು.

ಧ್ವನಿವರ್ಧಕದಲ್ಲಿ ಬೇರೆಯವರ ಹೆಸರುಗಳು ಒಂದಾದ ಮೇಲೊಂದು ಬಂದವು. ಜನ ಆ ಕಡೆ ಸೇರಿದರು. ಸಾಲಿನ ಈ ತುದಿಯಲ್ಲಿ ಯಾರೂ ಇರಲಿಲ್ಲ. ಲೊವೆಲ್ ಡಿಕ್ಕಿಯ ಅಂಚಿಗೆ ಬಗ್ಗಿ ಬಾಯಿಬಿಟ್ಟು ಹೇಳಿದ:

"ನಂಗೆ ಈ ಬಣ್ಣ ಹಿಡಿಸಲ್ಲ, ಆರ್ಡಿತ್."

ಹೇಳಿ, ಅವಳಿದ್ದಿದ್ದರೆ ಜಗಳಕ್ಕೆ ನಿಲ್ಲಲು ಎಷ್ಟು ಹೊತ್ತು ಬೇಕಾಗುತ್ತಿತ್ತೋ ಅಷ್ಟು ಹೊತ್ತು ಬಗ್ಗಿಕೊಂಡೇ ಕಾದ.