ಇಪ್ಪತ್ತು ನಿಮಿಷದ ನೀರು

"ಅದೆಲ್ಲಾ ಇರಲಿ ಮಾಸ್ತರ, ಇಸ್ತಂಬೂಲ ನೋಡಿದ್ರೋ ಇಲ್ಲೋ, ಅಷ್ಟ ಹೇಳ್ರಿ," ಎಂದು ಬಂದೇಸಾಬ ಮೂರನೆಯ ಸಲ ಹಿಂದಕ್ಕೆ ತಿರುಗಿದ. ಟಾಂಗಾ ಯಲವಿಗಿ ಸ್ಟೇಶನ್ನು ಬಿಟ್ಟು ಇನ್ನೂ ಒಂದು ಮೈಲಿ ಆಗಿರಲಿಲ್ಲ. ಕುದುರೆಗೆ ಸವಣೂರಿನ ದಾರಿ ಬಾಯಿಪಾಠವಾಗಿದ್ದರಿಂದ ಅದರ ಯಜಮಾನ ಮುಂದೆ ನೋಡುವ ಗೋಜಿಗೆ ಹೋಗುತ್ತಿರಲಿಲ್ಲ.

ಹಿಂದೆ ಕುಳಿತಿದ್ದ ಪ್ರಾಣೇಶ ಹಾನಗಲ್ಲಿನ ಶಾಲೆಯಲ್ಲಿ ಇತಿಹಾಸ ಕಲಿಸುವ ಮಾಸ್ತರ. ಮೂರು ತಿಂಗಳ ಹಿಂದೆ, ೧೯೩೮ರ ಮಾರ್ಚಿನಲ್ಲಿ, ಇದೇ ಟಾಂಗಾದಲ್ಲಿ ಕುಳಿತು ತುರ್ಕಸ್ತಾನಕ್ಕೆ ಹೊರಟಿದ್ದ. ಮುಂಬೈಯ ನಿವೃತ್ತ ಪ್ರೊಫೆಸರರೊಬ್ಬರು ಹನ್ನೆರಡು ಜನರನ್ನು ಕೂಡಿಸಿಕೊಂಡು, ಕ್ವೆಟ್ಟಾ, ಇರಾಣ, ಬಗದಾದುಗಳ ಮೇಲೆ ಹಾದು, ತುರ್ಕಸ್ತಾನದ ಹಳೆಯ ಊರುಗಳನ್ನು ತೋರಿಸುವುದಾಗಿ ಪತ್ರಿಕೆಯಲ್ಲಿ ಜಾಹೀರು ಮಾಡಿದ್ದರು. ಅದರಲ್ಲಿ 'ಭೂಮಾರ್ಗವಾಗಿ' ಎಂಬ ಒಂದು ಶಬ್ದ ಇಲ್ಲದಿದ್ದರೆ ಪ್ರಾಣೇಶ ಆ ಹಾಳೆಯನ್ನು ಮಡಚಿ ಇಟ್ಟುಬಿಡುತ್ತಿದ್ದ. ಅವನದು ಸವಣೂರಿನ ವೈಷ್ಣವ ಪಂಡಿತರ ಮನೆತನ. ಸಮುದ್ರ ದಾಟಿದವನಿಗೆ ಅಲ್ಲಿ ಪಂಕ್ತಿಯಲ್ಲಿ ಎಲೆಯಿಲ್ಲ, ತಂದೆಯ ಶ್ರಾದ್ಧ ಮಾಡುವ ಅಧಿಕಾರವೂ ಇಲ್ಲ.

ಅವನ ಕಾಕಾ ರಾಘಣ್ಣನವರು ನ್ಯಾಯಶಾಸ್ತ್ರ ಓದಿದವರು, ಬರಿ ಮಾತನ್ನು ನಂಬುವವರಲ್ಲ. ಶಾಲೆಯ ಅಟ್ಲಾಸನ್ನು ತರಿಸಿ, ಸವಣೂರಿನ ಮೇಲೆ ಬೆರಳಿಟ್ಟು, ಮಧ್ಯಾಹ್ನವೆಲ್ಲಾ ಪ್ರವಾಸ ಮಾಡಿ ಇಸ್ತಂಬೂಲಿಗೆ ಮುಟ್ಟಿದ್ದರು. ಬೆರಳು ಎಲ್ಲಿಯೂ ನೀಲಿಗೆ ತಗುಲಿರಲಿಲ್ಲ. "ಹೋಗಿ ಬಾ," ಎಂದಿದ್ದರು. ಕೊನೆಗೆ ಕೂದಲೆಳೆಯಷ್ಟು ನೀಲಿ ಇತ್ತು, ಆದರೆ ಆ ಊರಿನ ಹೆಸರಿನ ಇಂಗ್ಲಿಷ್ ಅಕ್ಷರಗಳು ಅದರ ಮೇಲೆಯೇ ಮಲಗಿಬಿಟ್ಟಿದ್ದವು. ಅಟ್ಲಾಸು ಅಚ್ಚು ಹಾಕಿದವರಿಗೆ ಸವಣೂರಿನ ಆಚಾರ ಗೊತ್ತಿರಲಿಲ್ಲ, ಅವರದೇನು ತಪ್ಪು?

"ನೋಡಿದೆ ಬಂದೇಸಾಬ," ಎಂದ ಪ್ರಾಣೇಶ.

ಅಷ್ಟು ಹೇಳಿ ಸುಮ್ಮನಾಗಬೇಕಿತ್ತು. ಆದರೆ ಮೂರು ತಿಂಗಳು ಕನ್ನಡ ಆಡದ ನಾಲಿಗೆ, ಎದುರಿಗೆ ಕಿವಿ ತೆರೆದು ಕುಳಿತ ಮನುಷ್ಯ, ಐದು ಮೈಲಿ ಖಾಲಿ ರಸ್ತೆ. ಕೋನ್ಯಾದ ಹಸಿರು ಗೋಪುರದಿಂದ ಶುರುಮಾಡಿದ. ಒಂಟೆಗಳಿಗೆಂದು ಕಟ್ಟಿದ ಕಲ್ಲಿನ ಛತ್ರಗಳು, ಬುರ್ಸಾದ ಮಸೀದಿಯೊಳಗೆ ಸದಾ ಸುರಿಯುವ ಕಾರಂಜಿ, ಎಲ್ಲವನ್ನೂ ತೋರಿಸಿದ ಹಿಕ್ಮತ್ ಎಂಬ ಮುದಿ ಮಾರ್ಗದರ್ಶಿ, ಒಂದೂ ಬಿಡಲಿಲ್ಲ. ಅಲ್ಲಿ ಕೆಂಪು ಗೊಂಡೆಯ ಟೋಪಿಯನ್ನು ಸರಕಾರ ಬಂದ್ ಮಾಡಿದೆ ಎಂದಾಗ ಮಾತ್ರ ಬಂದೇಸಾಬ ತನ್ನ ತಲೆಯ ಮೇಲಿನ ಟೋಪಿಯನ್ನು ಮುಟ್ಟಿ ನೋಡಿಕೊಂಡ.

"ಹೋಗ್ರಿ ಮಾಸ್ತರ! ತುರ್ಕಿ ಟೋಪಿ ತುರ್ಕಸ್ತಾನದಾಗ ಇಲ್ಲಂದ್ರ ಇದೇನು ಸವಣೂರ ಟೋಪಿ ಅನ್ರಿ?"

"ಈಗ ಹಂಗ ಅನ್ನಬೇಕು."

ಆಮೇಲೆ ನೀರಿನ ಮಾತು ಬಂತು. ನೆಲದ ದಾರಿ ಮುಗಿಯುವ ಉಸ್ಕುದಾರದ ದಂಡೆಯಲ್ಲಿ ನಿಂತರೆ ಎದುರಿಗೆ ಇಸ್ತಂಬೂಲಿನ ಗೋಪುರಗಳೆಲ್ಲ ಕಾಣುತ್ತವೆ. ನಡುವೆ ನೀರು, ಮೇಲೆ ಸೇತುವೆ ಇಲ್ಲ. ಉಗಿದೋಣಿಯಲ್ಲಿ ಇಪ್ಪತ್ತು ನಿಮಿಷ. ಹನ್ನೊಂದು ಜನ ಹತ್ತಿದರು. ಹಿಕ್ಮತ್ ಹಲಗೆಯ ಮೇಲೆ ನಿಂತು ಹನ್ನೆರಡನೆಯವನಿಗೆ ಕೈಚಾಚಿದ. ಸಾವಿರಾರು ಮೈಲಿ ಬಂದವನು ಹೊಸ್ತಿಲಲ್ಲಿ ನಿಂತು ತಿರುಗಿ ಹೋಗುವುದೇ? ಪ್ರಾಣೇಶ ಕೈ ಹಿಡಿದ. ಇದೆಲ್ಲವನ್ನೂ ಹೇಳಿ ಮುಗಿಸುವ ಹೊತ್ತಿಗೆ ಸವಣೂರಿನ ಎಲೆಬಳ್ಳಿ ತೋಟಗಳು ಬಂದಿದ್ದವು, ಅಜ್ಜನ ಕತೆಗಳಲ್ಲಷ್ಟೇ ಇಸ್ತಂಬೂಲು ಕಂಡಿದ್ದ ಬಂದೇಸಾಬನ ಕಣ್ಣು ತೇವವಾಗಿತ್ತು.

ಮನೆಯ ಹೊಸ್ತಿಲಲ್ಲಿ ತಾಯಿ ಗೋಪಿಕಾಬಾಯಿ ಕಾಲಿಗೆ ನೀರು ಹಿಡಿದು ನಿಂತಿದ್ದಳು. ಕೆಂಪು ಮಡಿಸೀರೆಯೊಳಗೆ ಮೊದಲಿಗಿಂತ ಅರ್ಧವಾಗಿದ್ದಳು. ತಂಬಿಗೆ ಬಗ್ಗಿಸುವ ಮೊದಲು ಕೇಳಿದಳು.

"ಸಮುದ್ರ ದಾಟಿಲ್ಲ ಹೌದಲ್ಲೋ?"

"ಇಲ್ಲವ್ವಾ. ನೆಲದ ಮ್ಯಾಲನ ಹೋದೆ, ನೆಲದ ಮ್ಯಾಲನ ಬಂದೆ."

ನೀರು ಕಾಲ ಮೇಲೆ ಬಿತ್ತು. ಆರು ದಿನಕ್ಕೆ ತಂದೆಯ ತಿಥಿ ಇತ್ತು. ಅದು ಮುಗಿಯಲಿ, ಸಾವಕಾಶವಾಗಿ ಕೂಡಿಸಿಕೊಂಡು ಹೇಳಿದರಾಯಿತು ಎಂದು ಪ್ರಾಣೇಶ ತನಗೆ ತಾನೇ ಸಮಾಧಾನ ಹೇಳಿಕೊಂಡ. ಸುಳ್ಳು ಹೇಳಿದವರೆಲ್ಲ ಮೊದಲ ದಿನ ಹೀಗೆಯೇ ಅಂದುಕೊಳ್ಳುತ್ತಾರೆ.

ಬಂದೇಸಾಬನಿಗೆ ಮಾತ್ರ ಸಂತೋಷವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಗೊತ್ತಿರಲಿಲ್ಲ. ಎಲೆ ಬಜಾರದಲ್ಲಿ ಪೆಂಡಿ ಕಟ್ಟುತ್ತ ಕುಳಿತವರಿಗೆಲ್ಲ ಇಸ್ತಂಬೂಲು ತೋರಿಸಿದ. ನಮ್ಮ ಮಾಸ್ತರರು ಜಹಾಜು ಹತ್ತಿ ದರಿಯಾ ದಾಟಿದರು, ಬಾದಶಹರ ಮಸೀದಿ ಹೊಕ್ಕರು ಎಂದು ಎದೆ ಉಬ್ಬಿಸಿಕೊಂಡು ಹೇಳಿದ. ಅವನ ಬಾಯಲ್ಲಿ ಇಪ್ಪತ್ತು ನಿಮಿಷ ಎರಡು ದಿನವಾಯಿತು. ನಾಲ್ಕನೆಯ ದಿನ ಬೆಳಿಗ್ಗೆ ಮಾತು ಅಗ್ರಹಾರಕ್ಕೆ ಬಂತು. ಊರ ಬಾಯಿಗೆ ಮುಚ್ಚಳ ಹಾಕಿದವರು ಯಾರಿದ್ದಾರೆ?

ರಾಘಣ್ಣನವರು ಕಟ್ಟೆಯ ಮೇಲೆ ಕುಳಿತು ಬಂದೇಸಾಬನನ್ನು ಕರೆಸಿದರು. ಓಣಿಯ ಹತ್ತು ಹದಿನೈದು ಜನ ತಾವಾಗಿಯೇ ಬಂದು ನಿಂತರು. ಗೋಪಿಕಾಬಾಯಿ ಬಾಗಿಲ ಹಿಂದೆ ಇದ್ದಳು. ಪ್ರಾಣೇಶ ಕಂಬಕ್ಕೆ ಒರಗಿ ನಿಂತಿದ್ದ.

"ನಮ್ಮ ಪ್ರಾಣೇಶ ಸಮುದ್ರ ದಾಟಿದ ಅಂತ ನೀ ಬಜಾರದಾಗ ಹೇಳಿದಿ ಅಂತ. ಖರೇನೋ?"

ಬಂದೇಸಾಬ ಪ್ರಾಣೇಶನ ಮುಖ ನೋಡಿದ. ಎರಡು ತಲೆಮಾರಿನಿಂದ ಆಚಾರ್ಯರ ಓಣಿಗೆ ಟಾಂಗಾ ಹೊಡೆದವನು, ಏನಾಗಿದೆ ಎಂಬುದು ಅವನಿಗೆ ಆ ಕ್ಷಣಕ್ಕೆ ತಿಳಿಯಿತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಸುಳ್ಳರಿ," ಎಂದ. "ಮಾಸ್ತರ ಏನೂ ಹೇಳಿಲ್ರಿ. ನಮ್ಮ ಅಜ್ಜ ಹೇಳತಿದ್ದ ಕತಿ ಐತಲ್ರಿ, ಅದನ್ನ ಮಾಸ್ತರ ಹೆಸರಿಗೆ ಹಚ್ಚಿ ಹೇಳಿದೆ. ನಾಕು ಮಂದಿ ಕೂಡ್ತಾರ, ಚಾ ಕುಡಸ್ತಾರ ಅಂತ. ತಪ್ಪಾತ್ರಿ."

ಕೂಡಿದವರು ನಕ್ಕರು. "ಟಾಂಗಾದವನ ಮಾತು, ಕುದುರೀಗಿಂತ ಜೋರು ಓಡ್ತದ," ಎಂದು ಯಾರೋ ಅಂದರು. ರಾಘಣ್ಣನವರ ಮುಖ ಗೆಲುವಾಯಿತು. ಬಂದೇಸಾಬನೂ ನಗಲು ನೋಡಿದ, ಆದರೆ ಅರವತ್ತು ವರ್ಷದ ಮನುಷ್ಯ ಹತ್ತು ಜನರ ಮುಂದೆ ತಾನು ಸುಳ್ಳುಗಾರನೆಂದು ಒಪ್ಪಿಕೊಂಡು ನಗುವುದು ಸುಲಭವಲ್ಲ. ಪ್ರಾಣೇಶನಿಗೆ ಅದನ್ನು ನೋಡಲಾಗಲಿಲ್ಲ.

"ಅವನು ಹೇಳಿದ್ದು ಖರೇ ಕಾಕಾ," ಎಂದ. "ಜಹಾಜಲ್ಲ, ಉಗಿದೋಣಿ. ಇಪ್ಪತ್ತು ನಿಮಿಷ. ದಾಟೀನಿ."

ಬಾಗಿಲ ಹಿಂದೆ ಬಳೆಯಿಲ್ಲದ ಕೈ ಚಿಲಕವನ್ನು ಹಿಡಿದ ಸಪ್ಪಳ ಕೇಳಿಸಿತು. ರಾಘಣ್ಣನವರಿಗೆ ಮಕ್ಕಳಿರಲಿಲ್ಲ, ಅಣ್ಣನ ಮಗನಿಗೆ ಅಕ್ಷರಾಭ್ಯಾಸ ಮಾಡಿಸಿದವರು ಅವರೇ, ಉಪನಯನದಲ್ಲಿ ಮಂತ್ರ ಹೇಳಿಕೊಟ್ಟವರೂ ಅವರೇ. ಅವರು ಪಾಠಕ್ಕೆ ಕುಳಿತವರಂತೆ ನೆಟ್ಟಗಾದರು.

"ಆ ನೀರಿನ ಎರಡೂ ದಂಡಿ ಕಾಣಸ್ತಾವೇನು?"

"ಕಾಣಸ್ತಾವ. ಈ ಕಡೆ ನಿಂತ್ರ ಆ ಕಡಿ ಮನೀ ಕಿಡಕಿ ಕಾಣಸ್ತಾವ."

"ನಿಂತ ನೀರೋ? ಹರೀತದೋ?"

"ಹರೀತದ. ಉತ್ತರದಿಂದ ದಕ್ಷಿಣಕ್ಕ. ಭಾಳ ಸೆಳವು ಅದ."

"ಕೇಳಿದ್ರೇನು?" ರಾಘಣ್ಣನವರು ಕೂಡಿದವರ ಕಡೆಗೆ ತಿರುಗಿದರು. ದನಿಯಲ್ಲಿ ಜೀವ ಬಂದಿತ್ತು. "ದಂಡಿ ಎರಡು ಅವ. ನೀರು ಒಂದ ದಿಕ್ಕಿಗೆ ಹರೀತದ. ಸಮುದ್ರಕ್ಕ ಈ ಲಕ್ಷಣ ಇಲ್ಲ. ಇದು ನದಿ! ವರದೀ ದಾಟ್ತೇವಿ, ತುಂಗಭದ್ರಾ ದಾಟ್ತೇವಿ, ಇದನ್ನ ದಾಟಿದ್ರ ಯಾವ ದೋಷ?"

ಜನ ತಲೆದೂಗಿದರು. ಯಾರಿಗೂ ಪ್ರಾಣೇಶನ ಮೇಲೆ ಹಗೆ ಇರಲಿಲ್ಲ. ತಿಥಿಯ ಊಟಕ್ಕೆ ಬರುವವರೂ ಅವರಲ್ಲಿ ನಾಲ್ವರಿದ್ದರು. ಬಂದೇಸಾಬ ಟೋಪಿಯನ್ನು ತಲೆಗೆ ಇಟ್ಟುಕೊಂಡ. ಅಲ್ಲಿಗೇ ಎದ್ದಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಮೂವತ್ತು ವರ್ಷ ನ್ಯಾಯ ಹೇಳಿಕೊಟ್ಟ ನಾಲಿಗೆ, ಒಂದು ಲಕ್ಷಣ ಉಳಿದಿದೆ ಎಂದು ಗೊತ್ತಿದ್ದೂ ಹೇಗೆ ಸುಮ್ಮನಿದ್ದೀತು?

"ನೀರು ಸಿಹಿನ ಅಲ್ಲೋ?" ಎಂದರು ರಾಘಣ್ಣನವರು. ಕೇಳಿದ ಮೇಲೆ ಅವರ ಕಣ್ಣು ಬೇಡಿಕೊಂಡಿತು.

ದೋಣಿಯ ಅಂಚಿನಲ್ಲಿ ಕುಳಿತು ಪ್ರಾಣೇಶ ಆ ನೀರಿಗೆ ಕೈಯಿಟ್ಟಿದ್ದ. ಬೆರಳನ್ನು ನಾಲಿಗೆಗೂ ಮುಟ್ಟಿಸಿದ್ದ. 'ಸಿಹಿ' ಎಂದರೆ ನಾಳಿದ್ದು ಅಪ್ಪನಿಗೆ ತನ್ನ ಕೈಯಿಂದ ಪಿಂಡ. ಅವ್ವ ಓಣಿಯಲ್ಲಿ ತಲೆ ಎತ್ತಿ ನಡೆಯುತ್ತಾಳೆ. ಎಲ್ಲರೂ ಅದೊಂದು ಶಬ್ದಕ್ಕೆ ಕಾಯುತ್ತಿದ್ದರು. ಹೇಳಿದರೆ ಅಲ್ಲಗಳೆಯುವವರು ಸವಣೂರಿನಲ್ಲಿ ಯಾರೂ ಇರಲಿಲ್ಲ.

"ಉಪ್ಪು," ಎಂದ.

ರಾಘಣ್ಣನವರು ಉತ್ತರೀಯವನ್ನು ಹೆಗಲಿಗೆ ಏರಿಸಿಕೊಂಡು ಎದ್ದರು. "ಹಂಗಾದ್ರ ಈ ವರ್ಷ ತಿಥಿ ನಾನ ಮಾಡ್ತೀನಿ," ಎಂದು ಒಳಗೆ ಹೋದರು. ಅವರು ಅಳುತ್ತಿದ್ದರು.

ತಿಥಿಯ ದಿನ ಪ್ರಾಣೇಶ ಹಿತ್ತಲಿನ ಬಾವಿಕಟ್ಟೆಯ ಮೇಲೆ ಕುಳಿತಿದ್ದ. ಮಠಕ್ಕೆ ಹೋಗಿ ಪ್ರಾಯಶ್ಚಿತ್ತ ಮಾಡಿಕೊಳ್ಳುವವರೆಗೆ ಅವನಿಗೆ ಅಡುಗೆಮನೆ, ದೇವರಮನೆ ಎರಡೂ ಇಲ್ಲ. ಒಳಗಿನಿಂದ ಕಾಕಾನ ದನಿ ಕೇಳುತ್ತಿತ್ತು. ಅಪ್ಪನ ಹೆಸರು, ಅಜ್ಜನ ಹೆಸರು, ಮುತ್ತಜ್ಜನ ಹೆಸರು ಬಂದಾಗಲೆಲ್ಲ ಅವನ ತುಟಿ ತಾನಾಗಿಯೇ ಅಲುಗುತ್ತಿತ್ತು. ಉಪ್ಪು ಎಂದದ್ದಕ್ಕೆ ಪಶ್ಚಾತ್ತಾಪವಿರಲಿಲ್ಲ, ಆದರೆ ದುಃಖ ಬಹಳ ಇತ್ತು. ಅವ್ವ ಎರಡು ದಿನದಿಂದ ಅವನೊಡನೆ ಒಂದು ಮಾತೂ ಆಡಿರಲಿಲ್ಲ.

ಬ್ರಾಹ್ಮಣರು ಉಂಡು ಹೋದ ಮೇಲೆ ಗೋಪಿಕಾಬಾಯಿ ಹಿತ್ತಲಿಗೆ ಬಂದಳು. ಎಲೆಯನ್ನು ಅವನ ಮುಂದೆ ಕಲ್ಲಿನ ಮೇಲೆ ಇಟ್ಟಳು. ಹೋಗಲಿಲ್ಲ. ಒಂದು ಮೊಳ ದೂರದಲ್ಲಿ, ಅದೇ ಕಟ್ಟೆಯ ಮೇಲೆ ಕುಳಿತಳು.

"ಸಿಟ್ಟೇನವ್ವಾ?" ಎಂದ ಪ್ರಾಣೇಶ.

"ಸಿಟ್ಟಿಲ್ಲದ ಏನು? ಇರ್ತದ." ಆಕೆ ಅವನ ಕಡೆಗೆ ನೋಡಲಿಲ್ಲ. "ನೀರು ದಾಟಿದ್ದಕ್ಕಲ್ಲ. ಅದಕ್ಕ ಪ್ರಾಯಶ್ಚಿತ್ತ ಅದ. ನಿಮ್ಮಪ್ಪ ಹೋದ ಮ್ಯಾಲೆ ನಾ ಈ ಓಣಿ ದಾಟಿಲ್ಲ. ಮೂರು ತಿಂಗಳು ದಿನಾ ಕೂತು, ಇವತ್ತ ಎಲ್ಲಿದ್ದಾನೋ, ಏನು ನೋಡಲಿಕ್ಕತ್ತಾನೋ, ಬಂದು ಹೇಳ್ತಾನ ಅಂತ ಹಾದಿ ಕಾದೆ. ನೀ ಟಾಂಗಾದವಗ ಹೇಳಿದಿ. ನನಗ ಹೇಳಲಿಲ್ಲ."

ಇಷ್ಟು ದಿನ ಆಕೆಗೆ ಮಗನ ಜಾತಿ ಕೆಟ್ಟಿತೆಂಬ ಚಿಂತೆ ಎಂದು ಪ್ರಾಣೇಶ ಅಂದುಕೊಂಡಿದ್ದ. ಮುಖ ಕೆಳಗೆ ಮಾಡಿ ಕುಳಿತ.

"ಈಗ ಹೇಳು," ಎಂದಳು ಗೋಪಿಕಾಬಾಯಿ. "ಆ ದಂಡಿಗೆ ಏನಿತ್ತು?"

"ಒಂದು ದೊಡ್ಡ ಗುಡಿ ಅದ ಅವ್ವಾ. ಮೊದಲು ಕ್ರಿಸ್ತಾನರದು, ಆಮ್ಯಾಲೆ ಮುಸಲ್ಮಾನರದು. ಈಗ ಯಾರದೂ ಅಲ್ಲ, ನೋಡವರದು. ಹಾನಗಲ್ಲ ತಾರಕೇಶ್ವರನ ಗುಡೀ ಛತ್ತು ನೋಡೀಯಲ್ಲ, ಕಲ್ಲಿನ ಕಮಲದ್ದು? ಅಂಥಾವು ನೂರು ಹಿಡಿಸ್ತಾವ ಅದರಾಗ."

"ಎಲ್ಲಾ ಒಮ್ಮೆಲೆ ಹೇಳಬ್ಯಾಡ. ನೀ ಹ್ಯಾಂಗ ಹೋದಿ ಹಂಗ ಹೇಳು. ಬಾಗಲಕ್ಕ ಬಂದಿ. ಚಪ್ಪಲಿ ಎಲ್ಲೆ ಬಿಟ್ಟಿ?"

"ಬಿಡೋ ಕಾರಣಿಲ್ಲ ಅಂದ್ರು. ಈಗ ಅದು ದೇವರ ಜಾಗಾ ಅಲ್ಲ ಅಂತ. ಎಲ್ಲಾರೂ ಬೂಟು ಹಾಕ್ಕೊಂಡ ಹೋದ್ರು." ಪ್ರಾಣೇಶ ತನ್ನ ಪಾದ ನೋಡಿಕೊಂಡ. "ನಾ ಬಿಟ್ಟೆ. ನನ್ನ ನೋಡಿ ಆ ಮುದುಕ, ಹಿಕ್ಮತ್, ಅವನೂ ಬಿಟ್ಟ. ಇಬ್ಬರೂ ಬರಿಗಾಲಿಲೆ ನಿಂತಿವಿ. ಕಲ್ಲು ಥಂಡಗ ಇತ್ತು."

ಗೋಪಿಕಾಬಾಯಿ ಕೈಯನ್ನು ಸೀರೆಗೆ ಒರೆಸಿಕೊಂಡಳು. ಜಾರಿದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನೆಟ್ಟಗೆ ಕುಳಿತಳು.

"ಹ್ಞೂಂ," ಎಂದಳು. "ಒಳಗ ನಡಿ."