ಶಾಂತಮ್ಮನ ಅಂಗಡಿಯ ಕಂಪ್ಯೂಟರ್

"ಬನ್ನಿ ಬನ್ನಿ, ಇವತ್ತೂ ಓಪನ್ ಮಾಡಿದೀನಿ. ಬೇಕಾದ್ರೆ ನೋಡಿ," ಎಂದು ಶಾಂತಮ್ಮ ಕಂಪ್ಯೂಟರಿನ ಮೇಲಿದ್ದ ಟವಲ್ಲನ್ನು ಸರಕ್ಕನೆ ಎಳೆದರು.

ಶಿವಯೋಗಿ ಜನ್ನಾಪುರದ ಆ ದಿನಸಿ ಅಂಗಡಿಯ ಬಾಗಿಲಲ್ಲೇ ನಿಂತ. ಪರದೆಯ ಮೇಲೆ ಅವನೇ ಬರೆದ ಬಿಲ್ಲಿಂಗ್ ಪ್ರೋಗ್ರಾಂ ಬೆಳಗುತ್ತಿತ್ತು. ಶಾಂತಮ್ಮ ಮಾತ್ರ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಕ್ಕಿ, ಬೇಳೆಯ ಲೆಕ್ಕ ಕೂಡಿ ಗಿರಾಕಿಗೆ ಹರಿದು ಕೊಟ್ಟರು.

ಯಾವ ಅಂಗಡಿಯವರು ಪ್ರೋಗ್ರಾಮನ್ನು ಎಷ್ಟು ಹೊತ್ತು ತೆರೆದಿಟ್ಟಿದ್ದರು ಎಂಬ ವಿವರ ಹೊಸದಾಗಿ ಬಂದಿದ್ದ ಬ್ರಾಡ್‌ಬ್ಯಾಂಡಿನಲ್ಲಿ ಶಿವಮೊಗ್ಗದ ಅವನ ಕೋಣೆಗೆ ಬಂದು ಬೀಳುತ್ತಿತ್ತು. ಎಲ್ಲರಿಗಿಂತ ಮೇಲೆ ಶಾಂತಮ್ಮ. ಬೆಳಿಗ್ಗೆಯಿಂದ ಬಾಗಿಲು ಹಾಕುವವರೆಗೆ! "ತೆರೆದಿಟ್ರೆ ಇಷ್ಟ ಅಂತಾನಾ ಮಾರಾಯ? ಈ ವ್ಯವಹಾರಾನೇ ಮುಚ್ಚಿಬಿಡೋಣ," ಎಂದಿದ್ದ ಪಾಲುದಾರ ಮಧು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಒಬ್ಬರಿಗಾದರೂ ಇಷ್ಟವಾಗಿದ್ದರೆ ತಾನೊಬ್ಬನೇ ನಡೆಸುವುದೆಂದು ನಿರ್ಧರಿಸಿ ಶಿವಯೋಗಿ ಇಂದು ಪೇಡ ಕೊಂಡು ಬಸ್ಸು ಹತ್ತಿದ್ದ.

"ಬಿಲ್ಲು ಇದ್ರಲ್ಲಿ ಹಾಕಲ್ವಾ ಶಾಂತಕ್ಕ?"

"ಅಯ್ಯೋ, ಅದ್ರಲ್ಲಿ ಉಪ್ಪು ಹುಡುಕೋದ್ರೊಳಗೆ ಗಿರಾಕಿ ಪಕ್ಕದ ಅಂಗ್ಡೀಲಿರ್ತಾರೆ."

"ಮತ್ತೆ ದಿನಾ ಯಾಕೆ ಓಪನ್ ಮಾಡ್ತೀರಿ?"

ಶಾಂತಮ್ಮ ತಕ್ಕಡಿ ಕೆಳಗಿಟ್ಟರು. "ಮಾಡದಿದ್ರೆ ಸಾಯಂಕಾಲ ನಿಮ್ಮ ಫೋನ್ ಬರುತ್ತಲ್ಲ. ಯಾಕಕ್ಕ ಇವತ್ತು ಓಪನ್ ಮಾಡಿಲ್ಲ, ಹುಷಾರಾಗಿದೀರಾ, ಏನು ಅಡುಗೆ ಅಂತ ಬಿಡೋದೇ ಇಲ್ಲ ನೀವು. ನಂಗೆ ಅದು ವ್ಯಾಪಾರದ ಹೊತ್ತು. ಬೇಜಾರು ಮಾಡ್ಕೋಬೇಡಿ ಮತ್ತೆ."

ಶಿವಯೋಗಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ದಿನವಿಡೀ ಆ ಕೋಣೆಯಲ್ಲಿ ಅವನು ಬಾಯಿಬಿಟ್ಟು ಆಡುತ್ತಿದ್ದ ಮಾತೆಂದರೆ ಆ ಫೋನುಗಳಷ್ಟೇ. ಯಾರು ತೆರೆದಿಲ್ಲ ಎಂದು ಸಂಜೆ ಹುಡುಕುವಾಗ, ಒಬ್ಬರಾದರೂ ಸಿಕ್ಕಲಿ ಎಂದು ಒಳಗೊಳಗೇ ಆಸೆಪಡುತ್ತಿದ್ದ.

"ಇನ್ಮೇಲೆ ಫೋನ್ ಮಾಡಲ್ಲ ಶಾಂತಕ್ಕ. ನೀವು ಓಪನ್ ಮಾಡೋದೂ ಬೇಡ."

"ನಿಜವಾಗ್ಲೂ?"

ಅವರ ಮುಖ ಅರಳಿತು. ಸೆರಗಿಗೆ ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಸ್ಟೂಲನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದು ಕೂತರು. ಇಷ್ಟು ದಿನದಲ್ಲಿ ಅದರ ಬಗ್ಗೆ ಅವರು ಏನನ್ನೂ ಕೇಳಿದವರಲ್ಲ.

"ಹಂಗಾದ್ರೆ ಇದನ್ನ ಪೂರ್ತಿ ಅಳಿಸಿಹಾಕೋದು ಹೆಂಗೆ? ನಿಧಾನಕ್ಕೆ ಹೇಳ್ಕೊಡಿ, ಕಲೀತೀನಿ."

ಶಿವಯೋಗಿ ಪಕ್ಕದಲ್ಲಿ ಬಗ್ಗಿ ನಿಂತ. ಮೌಸಿನ ಮೇಲೆ ಶಾಂತಮ್ಮನ ಬೆರಳು ಕಾಯುತ್ತಿತ್ತು.

"ಮೊದ್ಲು ಇಲ್ಲಿ ಒತ್ತಿ ಅಕ್ಕ," ಅಂದ.