ಬಾಗಿಲು ತೆರೆದ ಪಿಕ್ಚರ್

ಸೋಮವಾರ ಬಂತೆಂದರೆ ಮೋನಮ್ಮನ ಖುರಪಿಗೆ ಕೆಲಸವಿಲ್ಲ. ಹತ್ತಿ ಹೊಲದಲ್ಲಿ ಹೆಂಗಸರು ಸಾಲು ಹಿಡಿದು ಕಳೆ ಕೀಳುತ್ತ ಹೊರಟರೆ, ಮೋನಮ್ಮನ ಸಾಲನ್ನು ಆಚೀಚಿನವರಿಬ್ಬರು ಹಂಚಿಕೊಂಡು ಕಿತ್ತುಬಿಡುತ್ತಿದ್ದರು. ಅವಳು ಅವರ ಜೊತೆಗೇ ಸರಿಯುತ್ತ, ನಿನ್ನೆ ಟಿವಿಯಲ್ಲಿ ಕಂಡ ಪಿಕ್ಚರನ್ನು ಮೊದಲಿಂದ ಕಡೆಯವರೆಗೆ ಹೇಳಬೇಕು. ಇದು ಆ ಗುಂಪಿನ ಕರಾರು. ಯಾರು ಮಾಡಿದ್ದೆಂದು ಯಾರಿಗೂ ಗೊತ್ತಿಲ್ಲ. ಕೆನಾಲಿಗೆ ನೀರು ಬಂದು, ಶಹಾಪುರದ ಸುತ್ತ ಹತ್ತಿ ಮೆಣಸಿನಕಾಯಿ ಹೆಚ್ಚಾಗಿ, ಹೆಂಗಸರಿಗೆ ಬಗ್ಗಿದ ನಡು ಎತ್ತಲಾಗದಷ್ಟು ಕಳೆ ಬೆಳೆದ ಮೇಲೆ ಹುಟ್ಟಿದ್ದು ಎನ್ನುವುದಷ್ಟೇ ಖರೆ.

ಟಿವಿ ಇದ್ದದ್ದು ಹೊಲದ ಮಾಲೀಕ ಜಗದೇವಪ್ಪನ ಮನೆಯಲ್ಲಿ. ಐತವಾರ ಸಂಜೆ ಮೋನಮ್ಮ ಆ ಮನೆಯ ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದಳು. ಅವಳ ಓಣಿಯವರನ್ನು ಒಳಗೆ ಬಾ ಎಂದು ಅಲ್ಲಿ ಯಾರೂ ಕರೆದಿದ್ದಿಲ್ಲ, ಕರೆಯಲಿ ಎಂದು ಅವಳೂ ಕಾದಿದ್ದಿಲ್ಲ. ಸರಳಿಗೆ ಹಣೆ ಒತ್ತಿ ನಿಂತು ನಿಂತು, ಪಿಕ್ಚರ್ ಮುಗಿಯುವ ಹೊತ್ತಿಗೆ ಹಣೆಯ ಮೇಲೆ ಕೆಂಪಗೆ ಗೆರೆ ಎದ್ದಿರುತ್ತಿತ್ತು.

ಕಥೆಗೆ ಮೊದಲು ಚರ್ಚೆ ಆಗಲೇಬೇಕು. ನಟ ನಟಿಯರ ಖರೇ ಹೆಸರು ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ಇವರೇ ಹೆಸರಿಟ್ಟಿದ್ದರು. ಗಲ್ಲದ ಮೇಲೆ ಮಚ್ಚೆ ಇದ್ದ ನಾಯಕ ಮಚ್ಚಿಯವ. ಸೊಸೆಯರನ್ನು ಗೋಳು ಹೊಯ್ದುಕೊಳ್ಳುವ ಅತ್ತೆಯ ಪಾರ್ಟು ಮಾಡುವವಳು ಚೇಳವ್ವ. ಕಣ್ಣೀರಿಲ್ಲದೆ ಒಂದು ಹಾಡನ್ನೂ ಮುಗಿಸದ ನಾಯಕಿ ಅಳಬುರಕಿ.

"ನಿನ್ನಿ ಮಚ್ಚಿಯವ ಬಂದಿದ್ದನೇನು?" ಎಂದು ಭೀಮಮ್ಮ ಕೇಳುವಳು. ಗುಂಪಿಗೆ ಹಿರಿಯಳು, ಟೆಂಟ್ ಟಾಕೀಜಿನ ಕಾಲದಿಂದ ಮಚ್ಚಿಯವನ ಕಡೆಯವಳು.

"ಬಂದಿದ್ದ ಬೇ. ಹೊಟ್ಟಿ ಬಂದೈತಿ ಅವಗ."

"ಬರಲಿ ಬಿಡು. ಅಂವ ನಕ್ಕರ ನನ್ನ ಎದಿ ಈಗೂ ಝಲ್ಲ ಅಂತೈತಿ."

"ಈ ವಯಸ್ಸಿನ್ಯಾಗ ಎದಿ ಝಲ್ಲಂದ್ರ ದವಾಖಾನಿಗೆ ಹೋಗಬೇಕು," ಎಂದು ಶರೀಫಾಬೀ ಅಂದರೆ ಸಾಲಿಗೆ ಸಾಲೇ ನಗುತ್ತಿತ್ತು.

ಟಿವಿಯವರ ಮೇಲೆ ಮಾತ್ರ ಎಲ್ಲರಿಗೂ ಒಂದೇ ಸಿಟ್ಟು. ಪಿಕ್ಚರ್ ಕುತ್ತಿಗೆಗೆ ಬಂದಾಗಲೇ ಅವರಿಗೆ ವಾರ್ತೆ ನೆನಪಾಗುತ್ತದೆ. ತಲೆ ತುಂಬ ಹೂ ಮುಡಿದವಳೊಬ್ಬಳು ಬಂದು, ಚಿತ್ರ ವಾರ್ತೆಯ ನಂತರ ಮುಂದುವರಿಯುತ್ತದೆ ಎಂದು ನಗುತ್ತಾಳೆ.

"ಅಲ್ಲಿ ಕೂಸು ಸಾಯಾಕತ್ತೈತಿ, ಈಕಿ ನೋಡಿದ್ರ ಹಲ್ಲ ಕಿಸೀತಾಳ," ಎಂದು ಭೀಮಮ್ಮ ಉಗಿಯುವಳು. "ಆಕೀಗೆ ಮಕ್ಳು ಮರಿ ಇಲ್ಲೇನು?"

ಆ ಮುಂಗಾರಿನಲ್ಲಿ ಗುಂಪಿನ ಸುಂದ್ರಮ್ಮನ ಮಗಳು ದೇವಕಮ್ಮ ಸಾಲಿಗೆ ಬಂದಳು. ಸುರಪುರದ ಕಡೆಯ ಊರಿಗೆ ಕೊಟ್ಟ ಹುಡುಗಿ. ಎಡಗಣ್ಣು ಮುಚ್ಚುವಷ್ಟು ಬಾತುಕೊಂಡು, ಉಟ್ಟ ಸೀರೆಯ ಮೇಲೆ ತವರಿಗೆ ಬಂದಿದ್ದಳು. ಬಾವು ಇಳಿಯಿತು, ಮಾತು ಮಾತ್ರ ಹೊರಡಲಿಲ್ಲ. ಗಂಡನ ಮನೆಯವರು ದಸರಾ ಹಬ್ಬದೊಳಗೆ ಕಳಿಸಿದರೆ ಸರಿ, ಇಲ್ಲವಾದರೆ ಮಗನಿಗೆ ಬೇರೆ ಲಗ್ನ ಮಾಡುತ್ತೇವೆಂದು ಹೇಳಿ ಕಳಿಸಿದ್ದರು. ಸುಂದ್ರಮ್ಮನ ಮನೆಯಲ್ಲಿ ಇನ್ನಿಬ್ಬರು ಹೆಣ್ಣುಮಕ್ಕಳಿದ್ದರು. ಕಳಿಸಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಧೈರ್ಯವಿಲ್ಲ. ತಾಯಿ ದಿನವೂ ಮಗಳ ಮುಖ ನೋಡುತ್ತಿದ್ದಳು, ಮಗಳು ನೆಲ ನೋಡುತ್ತಿದ್ದಳು.

ಅದೇ ಹೊತ್ತಿಗೆ ಬಂತು ಆ ಐತವಾರದ ಪಿಕ್ಚರ್. ಅಳಬುರಕಿ ಸೊಸೆ, ಚೇಳವ್ವ ಅತ್ತೆ, ಮಚ್ಚಿಯವ ಗಂಡ. ಹೊಡೆದು ಹೊರಗಟ್ಟಿದ ಸೊಸೆ ತಾಳ್ಮೆ ತಂದುಕೊಂಡು, ಸುರಿಯುವ ಮಳೆಯಲ್ಲಿ ಗಂಡನ ಮನೆಗೆ ತಿರುಗಿ ಬಂದು ಬಾಗಿಲು ಬಡಿಯುತ್ತಾಳೆ. ಒಳಗಿನವರು ತೆಗೆಯುವುದಿಲ್ಲ. ಬಡಿದು ಬಡಿದು ಕೈ ಸೋತು ಹೊಸ್ತಿಲ ಮೇಲೆ ಬೀಳುತ್ತಾಳೆ. ಬೆಳಗ್ಗೆ ಹಾಲಿನವಳು ಬಂದಾಗ ಅಲ್ಲಿ ಹೆಣ. ಮೋನಮ್ಮ ಸರಳು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಸಾಲಿನಲ್ಲಿ ಹೇಳುತ್ತ ಹೇಳುತ್ತ ಆ ಬಾಗಿಲಿನವರೆಗೆ ಬಂದಳು. ದೇವಕಮ್ಮ ಕಳೆ ಕೀಳುವುದನ್ನು ಬಿಟ್ಟು ಖುರಪಿ ಹಿಡಿದೇ ಕುಳಿತಿದ್ದಳು. ಬಂದಾಗಿನಿಂದ ಅವಳು ಬಾಯಿ ಬಿಟ್ಟು ಕೇಳಿದ್ದು ಅದೊಂದೇ ಮಾತು.

"ಬಾಗಲಾ ತಗದ್ರೇನು ಚಿಗವ್ವ?"

ಮೋನಮ್ಮ ಅವಳ ಮುಖ ನೋಡಿದಳು. ಆ ಕಣ್ಣುಗಳ ಮುಂದೆ ಒಂದು ಹೆಣ ತಂದು ಇಡಲು ಅವಳ ಕೈಲಾಗಲಿಲ್ಲ. ನಾಲಿಗೆ ತಾನಾಗಿಯೇ ಹೊರಳಿತು.

"ತಗದ್ರವ್ವ, ತಗೀದ ಏನ್ ಮಾಡ್ತಾರ? ಚೇಳವ್ವನೇ ಓಡಿ ಬಂದು ತಗದ್ಲು. ತಾನ ಚರಿಗಿ ತುಂಬ ನೀರು ತಂದು ಸೊಸಿ ಕಾಲಿಗೆ ಹಾಕಿದ್ಲು. ಮಚ್ಚಿಯವ ಕೂಸಿನಂಗ ಅತ್ತ."

ಹೆಂಗಸರು ಉಸಿರು ಬಿಟ್ಟರು. "ನಮ್ಮಂವ ಒಳ್ಳೆಯಂವ, ನಾ ಮದ್ಲ ಹೇಳೀನಿ," ಎಂದು ಭೀಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೆಟ್ಟ ಮನಸ್ಸಿನಿಂದ ಹೇಳಿದ ಸುಳ್ಳಲ್ಲ ಅದು. ಆದರೆ ಒಳ್ಳೆ ಮನಸ್ಸಿನ ಸುಳ್ಳಿಗೆ ಹಲ್ಲಿರುವುದಿಲ್ಲ ಎಂದು ಯಾರು ಹೇಳಿದ್ದು?

ಅಂದು ಸಂಜೆ ದೇವಕಮ್ಮ ತಾಯಿಗೆ, ಹೋಗ್ತೀನಿ ಅಂದಳು. ತಾಯಿ ಬ್ಯಾಡ ಅನ್ನಲಿಲ್ಲ. ಶಹಾಪುರದಲ್ಲಿ ಸುರಪುರದ ಬಸ್ಸು ಹತ್ತಿಸಿ ಬಂದಳು. ಸುದ್ದಿ ಮೋನಮ್ಮನ ಕಿವಿಗೂ ಬಿತ್ತು. ಈಗಲೇ ಹೋಗಿ ಸುಂದ್ರಮ್ಮನಿಗೆ ಹೇಳಿಬಿಡಲೇ ಅಂದುಕೊಂಡಳು. ಹೇಳಲಿಲ್ಲ. ಪಿಕ್ಚರ್ ಕೇಳಿ ಯಾರರ ಸಂಸಾರ ಮಾಡ್ತಾರೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮನುಷ್ಯರಿಗೆ ಇಂಥ ಸಮಾಧಾನಗಳಿಗೆ ಬರವಿಲ್ಲ.

ಹತ್ತಿ ಒಡೆಯುವ ಮೊದಲೇ ದೇವಕಮ್ಮನ ಹೆಣದ ಸುದ್ದಿ ಬಂತು. ಬಟ್ಟೆ ಒಗೆಯಲು ಹೋಗಿ ಕಾಲು ಜಾರಿ ಕೆನಾಲಿಗೆ ಬಿದ್ದಳಂತೆ. ಹರಿದುಕೊಂಡು ಹೋದವಳು ಕೆಳಗಿನ ಗೇಟಿಗೆ ತಡೆದು ನಿಂತಿದ್ದಳು. ಅವಳ ಕುತ್ತಿಗೆಯ ಸುತ್ತ ಕರಿಗಟ್ಟಿದ ಗುರುತನ್ನು ಸುಂದ್ರಮ್ಮ ಕಣ್ಣಾರೆ ನೋಡಿದಳು, ನೋಡಿರಿ ನೋಡಿರಿ ಎಂದು ನಿಂತವರಿಗೆಲ್ಲ ತೋರಿಸಿದಳು. ಕೆನಾಲು ಬಂದ ಮೇಲೆ ಕಾಲು ಜಾರಿ ಸಾಯುವವರು ಹೆಚ್ಚಾಗಿದ್ದರು, ಅದರಲ್ಲೂ ಸೊಸೆಯರು. ಮಾತು ಅಲ್ಲಿಗೇ ಮುಗಿಯಿತು.

ಬಹಳ ದಿನ ಸಾಲಿನಲ್ಲಿ ಪಿಕ್ಚರಿನ ಸೊಲ್ಲೇ ಇಲ್ಲ. ಆಮೇಲೆ ಬದುಕಿದವರಿಗೆ ಹೊತ್ತು ಹೋಗಬೇಕಲ್ಲ, ಮಚ್ಚಿಯವನೂ ಚೇಳವ್ವನೂ ಒಬ್ಬೊಬ್ಬರಾಗಿ ತಿರುಗಿ ಬಂದರು. ಮುಂದಿನ ವರ್ಷ ಶರೀಫಾಬೀಯ ಮನೆಗೇ ಸಣ್ಣದೊಂದು ಟಿವಿ ಬಂತು. ಟಿವಿಯಲ್ಲಿ ಹೂ ಮುಡಿದವಳು ಒಂದು ದಿನ, ವೀಕ್ಷಕರ ಕೋರಿಕೆಯ ಮೇರೆಗೆ ಅದೇ ಪಿಕ್ಚರನ್ನು ಮತ್ತೆ ತೋರಿಸುತ್ತೇವೆ ಎಂದು ನಕ್ಕಳು.

"ನಾನೂ ಬರ್ತೀನಿ," ಅಂದಳು ಸುಂದ್ರಮ್ಮ. ಟಿವಿಯ ಮುಖ ನೋಡದವಳು ಅವಳು. "ಆ ಬಾಗಲಾ ತಗದದ್ದು ಕಣ್ಣೀಲೆ ನೋಡಬೇಕು."

ಗುಂಪೆಲ್ಲ ಶರೀಫಾಬೀಯ ಮನೆಯೊಳಗೆ ಚಾಪೆಯ ಮೇಲೆ ಕೂತಿತು. ಮೋನಮ್ಮ ಎಲ್ಲರ ಹಿಂದೆ ಗೋಡೆಗೆ ಅಂಟಿಕೊಂಡಳು. ಈ ಟಿವಿಯವರು ಎಂದೂ ಇಲ್ಲದಷ್ಟು ದೊಡ್ಡ ವಾರ್ತೆ ಹೇಳಲಿ, ತಡೆಗಾಗಿ ಕ್ಷಮಿಸಿ ಎಂಬ ಬೋರ್ಡು ಬರಲಿ, ಸಿಡಿಲು ಬಡಿದು ಟಿವಿಯೇ ಸುಟ್ಟುಹೋಗಲಿ ಎಂದು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ವಾರ್ತೆ ಬಂತು, ಹೋಯಿತು. ಮಳೆ ಬಂತು. ಅಳಬುರಕಿ ತೊಯ್ದು ತೊಪ್ಪೆಯಾಗಿ ನಡೆದು ಬಂದಳು. ಬಾಗಿಲು ಬಡಿಯಲು ಕೈ ಎತ್ತಿದಳು. ಕರೆಂಟು ಹೋಯಿತು.

ಭೀಮಮ್ಮ ಕರೆಂಟಿನವರ ಏಳು ತಲೆಮಾರು ಎತ್ತಿ ಬೈದಳು. ಶರೀಫಾಬೀ ಕಂದೀಲು ಹಚ್ಚಿದಳು. ಪಿಕ್ಚರ್ ಮುಗಿಯುವ ಹೊತ್ತು ದಾಟಿದರೂ ಕರೆಂಟು ಬರಲಿಲ್ಲ. ಮೋನಮ್ಮ ಒಬ್ಬಳೇ ಆ ಕತ್ತಲಲ್ಲಿ ಜೀವ ಬಂದಂತೆ ಉಸಿರೆಳೆದುಕೊಂಡಳು. ಬಚಾವಾದೆ ಅಂದುಕೊಂಡಳು.

ಮರುದಿನ ಹೊಲದಲ್ಲಿ ಸುಂದ್ರಮ್ಮ ತಾನಾಗಿಯೇ ಬಂದು ಮೋನಮ್ಮನ ಸಾಲನ್ನೂ ಹಿಡಿದಳು.

"ಕಡೀದು ಹೇಳು ಮೋನಿ."

"ಹೋದ ವರ್ಷನ ಹೇಳೀನಲ್ಲಕ್ಕ."

"ಇನ್ನೊಮ್ಮಿ ಹೇಳು. ನೀರು ಹಾಕಿದ್ದು ಹೇಳು." ಸುಂದ್ರಮ್ಮನ ಕೈ ನಿಂತಿರಲಿಲ್ಲ. "ಆಕಿ ತಾಳಿಕೊಂಡ್ಲು, ಆಕಿಗೆ ಬಾಗಲಾ ತಗೀತು. ನನ್ನ ಮಗಳಿಗೆ ತಾಳಿಕಿ ಇದ್ದಿಲ್ಲ. ಏನರ ಎದುರು ಮಾತಾಡಿರತಾಳ. ಇಲ್ಲಾಂದ್ರ ಅವರ್ಯಾಕ ಹಂಗ ಮಾಡ್ತಿದ್ರು? ವರ್ಷಾತು, ನಾ ಇದನ್ನ ವಿಚಾರ ಮಾಡಾಕತ್ತೇನಿ. ತಪ್ಪು ನನ್ನ ಮಗಳದ ಐತಿ, ಮೋನಿ."

ಮೋನಮ್ಮ ಸಾಲಿನ ನಡುವೆಯೇ ಸುಂದ್ರಮ್ಮನ ಎದುರು ಕುಳಿತಳು. ಸತ್ತವಳನ್ನು ತಾಯಿಯೇ ಇನ್ನೊಮ್ಮೆ ಕೊಲ್ಲುತ್ತಿದ್ದಳು, ಕೈಗೆ ಕತ್ತಿ ಕೊಟ್ಟವಳು ತಾನು.

"ತಪ್ಪು ಆಕೀದಲ್ಲಕ್ಕ," ಅಂದಳು. "ಬಾಗಲಾ ತಗೀಲಿಲ್ಲ."

"ಏನಂದಿ?"

"ಪಿಕ್ಚರ್‌ನ್ಯಾಗ ಬಾಗಲಾ ತಗೀಲೇ ಇಲ್ಲ. ಎಷ್ಟ್ ತಾಳಿಕೊಂಡ್ರೂ ತಗೀಲಿಲ್ಲ. ಬಡದು ಬಡದು ಹೊಸ್ತಿಲ ಮ್ಯಾಲೇ ಸತ್ಲು. ನೀರು ಹಾಕಿದ್ದು, ಅಂವ ಅತ್ತಿದ್ದು, ಎಲ್ಲಾ ನಾ ಕಟ್ಟಿ ಹೇಳಿದ್ದು. ದೇವಕಿ ಮಾರಿ ನೋಡಿ ಹೇಳಿಬಿಟ್ಟೆ."

ಸಾಲು ನಿಂತಿತು. ಭೀಮಮ್ಮ ಖುರಪಿ ನೆಲಕ್ಕಿಟ್ಟಳು. ಯಾರಾದರೂ ತನ್ನ ಜುಟ್ಟು ಹಿಡಿದು ಎಳೆಯಲಿ, ಬಾಯಿಗೆ ಮಣ್ಣು ತುರುಕಲಿ ಎಂದು ಮೋನಮ್ಮ ಕಾದಳು. ಸುಂದ್ರಮ್ಮ ಮಾತ್ರ ಕೀಳುತ್ತಲೇ ಇದ್ದಳು. ಕಳೆಯ ಜೊತೆಗೆ ಹತ್ತಿಯ ಗಿಡಗಳೂ ಬೇರು ಸಮೇತ ಬರುತ್ತಿದ್ದವು, ಅವಳಿಗೆ ಅದರ ಖಬರಿಲ್ಲ. ತಲೆ ಎತ್ತದೆಯೇ ಕೇಳಿದಳು.

"ಆಕಿ ಸತ್ತಮ್ಯಾಲ ಅವರವ್ವ ಏನು ಮಾಡಿದ್ಲು?"

ಮೋನಮ್ಮ ಇಡೀ ಪಿಕ್ಚರನ್ನು ಮನಸ್ಸಿನಲ್ಲಿ ಮೊದಲಿಂದ ಓಡಿಸಿದಳು. ಲಗ್ನದ ಹಾಡಿನಲ್ಲಿ ಮಗಳನ್ನು ಒಪ್ಪಿಸಿಕೊಟ್ಟು ಅಳುತ್ತ ನಿಂತ ಒಬ್ಬ ತಾಯಿ ಇದ್ದಳು. ಆಮೇಲೆ ಎಲ್ಲಿಯೂ ಇಲ್ಲ.

"ಅವರವ್ವನ್ನ ತೋರಿಸಂಗಿಲ್ಲಕ್ಕ."

ಸುಂದ್ರಮ್ಮ ಹೂಂ ಅಂದಳು. ಮೋನಮ್ಮನ ಸಾಲನ್ನು ಅಲ್ಲಿಗೇ ಬಿಟ್ಟು, ತನ್ನ ಸಾಲು ಹಿಡಿದು ಮುಂದೆ ಹೋದಳು.